ಹಿಂಭಾರ

ಕಾರಿನ ಹಿಂದಿನ ಗಾಜು ಒಂದು ಸ್ಲೇಟಿನಷ್ಟು ಅಗಲ ಇತ್ತು. ಸಾಗರದಿಂದ ಹೊರಟಾಗಿನಿಂದ ಅದರೊಳಗೆ ಅಪ್ಪಯ್ಯನ ತಲೆ ಹುಡುಕುತ್ತಿದ್ದೆ. ಕಾಣುತ್ತಿದ್ದುದು ಗೋಣಿತಾಟು ಸುತ್ತಿದ ಮೋಟಾರ್ ಸೈಕಲ್ಲು, ಅದರಾಚೆ ಕೆಂಪು ಧೂಳು. ಅಪ್ಪಯ್ಯ ಆ ಧೂಳಿನೊಳಗೆ ಟ್ರೈಲರಿನ ತುದಿಯಲ್ಲಿ ಕೂತಿದ್ದ. ಅಲ್ಲಿ ಕೂರಿಸಿದವನು ನಾನು.

ನಮ್ಮ ಮನೆತನದಲ್ಲಿ ಹೆಸರಿನ ಜೊತೆ ಬಿ.ಎಸ್ಸಿ. ಅಂತ ಬರೆದುಕೊಂಡವನು ನಾನೇ ಮೊದಲು. ಹೊಸನಗರದ ಹತ್ತಿರದ ಹಳ್ಳಿಯಲ್ಲಿ ಅಪ್ಪಯ್ಯನದು ಗೇಣಿ ಗದ್ದೆ. ಸುಗ್ಗಿ ಮುಗಿದ ಮೇಲೆ ಒಡೆಯರ ಎತ್ತಿನ ಗಾಡಿ ಹೊಡೆಯುವುದು, ಮೂಟೆ ಹೇರಿಕೊಂಡು ಸಾಗರದ ಪೇಟೆಗೆ ಹೋಗಿ ಬರುವುದು. ನಾನು ಹೈಸ್ಕೂಲಿಗೆ ಬರಿಗಾಲಲ್ಲಿ ನಡೆದವನು, ಶಿವಮೊಗ್ಗದ ಉಚಿತ ಹಾಸ್ಟೆಲಿನಲ್ಲಿ ಎರಡೇ ಅಂಗಿಯಲ್ಲಿ ಕಾಲೇಜು ಮುಗಿಸಿದವನು. ಯಾರೂ ಕೈಹಿಡಿದು ಮೇಲೆತ್ತಿದ್ದಲ್ಲ. ಆ ಹೆಮ್ಮೆ ಈಗಲೂ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಆಗ ತೀರ್ಥಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿ ಎರಡು ವರ್ಷ ಆಗಿತ್ತು. ಹುಡುಗರಿಗೆ ತಕ್ಕಡಿ, ಸನ್ನೆಗೋಲು, ಗುರುತ್ವ ಕೇಂದ್ರ ಎಲ್ಲ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದೆ.

ಲಿಂಗನಮಕ್ಕಿ ಅಣೆಕಟ್ಟೆ ಕೆಲಸ ಮುಗಿಯುತ್ತ ಬಂದ ಕಾಲ ಅದು. ಅಲ್ಲಿಂದ ವರ್ಗವಾಗಿ ಹೊರಟಿದ್ದ ಒಬ್ಬ ಓವರ್‌ಸಿಯರು ತಮ್ಮ ಮೋಟಾರ್ ಸೈಕಲ್ಲನ್ನು ನನಗೆ ಮಾರಿದರು. ಅದರ ಗೇರು ಕೆಟ್ಟು ಸಾಗರದಲ್ಲೇ ನಿಂತಿತ್ತು. ತೀರ್ಥಹಳ್ಳಿಗೆ ತಂದುಬಿಟ್ಟರೆ ಸರಿಮಾಡಿ ಕೊಡುತ್ತೇನೆ ಅಂತ ಅಲ್ಲಿನ ಮೆಕ್ಯಾನಿಕ್ ಒಪ್ಪಿದ್ದ. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಒಂದು ಸಣ್ಣ ಹಳೇ ಕಾರಿತ್ತು, ಅದನ್ನು ದೂರ ಓಡಿಸಲು ಅವರಿಗೊಂದು ನೆಪ ಬೇಕಿತ್ತು. ಸಾಗರದ ವೆಲ್ಡಿಂಗ್ ಅಂಗಡಿಯವನೊಬ್ಬ ಜೀಪಿನ ಹಳೇ ಚಕ್ರ ಎರಡಕ್ಕೆ ಹಲಗೆ ಕೂರಿಸಿ ಟ್ರೈಲರ್ ಮಾಡಿಟ್ಟಿದ್ದ. ಎರಡು ದಿನಕ್ಕೆ ಕೊಡುತ್ತೇನೆ ಅಂದ, ಕಾರಿನ ಹಿಂದೆ ಕೊಕ್ಕೆಯನ್ನೂ ಬೆಸೆದುಕೊಟ್ಟ.

ಅಪ್ಪಯ್ಯನಿಗೆ ಹೇಳಿಕಳಿಸಿದ್ದೆ. ಮಗ ಮೋಟಾರ್ ಸೈಕಲ್ಲು ಕೊಂಡಿದ್ದನ್ನು ಅವನು ಸಾಗರದ ಪೇಟೆಯಲ್ಲೇ, ಅವನ ಗುರುತಿನವರ ಎದುರಿಗೇ ನೋಡಬೇಕು ಅಂತ ಆಸೆ. ಬಂದ. ಸೀಟನ್ನು ಒಮ್ಮೆ ಮುಟ್ಟಿ ನೋಡಿ ಕೈ ತೆಗೆದ.

ಮೋಟಾರ್ ಸೈಕಲ್ಲನ್ನು ಹತ್ತಿಸಿ ಹಗ್ಗ ಬಿಗಿದಾಗ ಭಾರವೆಲ್ಲ ಮುಂದಕ್ಕೆ ಬಿತ್ತು. ಕಾರಿನ ಹಿಂಭಾಗ ಕುಕ್ಕರಿಸಿ, ಟೈರು ಮಡ್‌ಗಾರ್ಡಿಗೆ ತಾಗಿತು. ಡ್ರಾಯಿಂಗ್ ಮೇಷ್ಟ್ರ ಮುಖ ಸಣ್ಣದಾಯಿತು. ನಾನು ಹಗ್ಗ ಬಿಚ್ಚಿಸಿ ಮೋಟಾರ್ ಸೈಕಲ್ಲನ್ನು ಒಂದು ಮೊಳ ಹಿಂದಕ್ಕೆ ತಳ್ಳಿಸಿದೆ. ಇನ್ನೂ ಸ್ವಲ್ಪ ತಾಗುತ್ತಿತ್ತು. ಹಿಂದಿನ ತುದಿಗೆ ಇಷ್ಟು ತೂಕ ಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಪ್ಪಯ್ಯನ ಕಡೆ ನೋಡಿದೆ.

ಅಪ್ಪಯ್ಯ ಟ್ರೈಲರಿನ ಅಚ್ಚಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ಹಿಂಭಾರದ ಗಾಡಿ ಒಳ್ಳೇದಲ್ಲ ಅಂದ. ಎತ್ತಿನ ಗಾಡಿ ಹೇರುವವರು ಯಾವಾಗಲೂ ಮುಂದಕ್ಕೆ ಒಂದು ಚೂರು ಭಾರ ಬಿಡುತ್ತಾರೆ. ಹಿಂದೆ ಭಾರವಾದರೆ ನೊಗ ಮೇಲೆದ್ದು, ಎತ್ತಿನ ಕೊರಳಿಗೆ ಕಟ್ಟಿದ ಹಗ್ಗವೇ ಉರುಲಾಗುತ್ತದೆ. ಇಳಿಜಾರಿನಲ್ಲಿ ಎತ್ತು ಕಾಲೂರಲಾರದು.

"ಇದು ಎತ್ತಲ್ಲ ಅಪ್ಪಯ್ಯ, ಕಾರು," ಅಂದೆ. "ಉರುಲು ಬೀಳೋಕೆ ಇದಕ್ಕೆ ಕುತ್ತಿಗೆ ಎಲ್ಲಿದೆ?"

ವೆಲ್ಡಿಂಗ್ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಪ್ಪಯ್ಯನೂ ನಕ್ಕ. ಹೆಗಲ ಮೇಲಿನ ಟವಲ್ಲು ತೆಗೆದು ತಲೆಗೆ ಸುತ್ತಿಕೊಂಡ.

"ಓದಿದವ ನೀನು. ಎಲ್ಲಿ ಕೂರು ಅಂತೀಯೋ ಅಲ್ಲಿ ಕೂರ್ತೀನಿ."

ಅವನು ಹಾಗೆ ತಕ್ಷಣ ಒಪ್ಪಿದ್ದಕ್ಕೆ ಆಗ ನನಗೆ ಖುಷಿಯಾಯಿತು. ಹಿಂದಿನ ಹಲಗೆಯ ಮೇಲೆ ಬೆನ್ನು ರಸ್ತೆಗೆ ಮಾಡಿ ಕೂತ, ಮೋಟಾರ್ ಸೈಕಲ್ಲಿನ ಹಿಂಚಕ್ರ ತಬ್ಬಿಕೊಂಡ. ಕಾರಿನ ಹಿಂಭಾಗ ಮೇಲೆದ್ದಿತು. ಟೈರು ತಾಗಲಿಲ್ಲ. ನೋಡಿದಿರಾ ಅಂದೆ ಡ್ರಾಯಿಂಗ್ ಮೇಷ್ಟ್ರಿಗೆ.

ಊರು ದಾಟಿದ ಮೇಲೆ ಅವರು ಮಾತು ನಿಲ್ಲಿಸಿದರು. ಸದಾ ಹರಟುವ ಮನುಷ್ಯ. ಸ್ಟೇರಿಂಗು ಕೈಗೆ ಹಗುರಾಗಿದೆ, ನೀರಿನ ಮೇಲೆ ಹೋದಹಾಗಿದೆ ಅಂದರು. ಭಾರ ಕಮ್ಮಿಯಾಗಿದ್ದಕ್ಕೆ ಹಾಗೆ ಅಂದೆ. ತಿರುವಿನಲ್ಲಿ ಕಾರು ನೆಟ್ಟಗಾದ ಮೇಲೂ ಹಿಂದಿನಿಂದ ಯಾರೋ ಆಚೆ ಒಮ್ಮೆ ಈಚೆ ಒಮ್ಮೆ ಜಗ್ಗಿ ಬಿಟ್ಟ ಹಾಗಾಗುತ್ತಿತ್ತು. ನನಗೂ ತಿಳಿಯುತ್ತಿತ್ತು. ತಿಳಿಯುತ್ತಿಲ್ಲ ಅನ್ನುವ ಹಾಗೆ ಕೂತಿದ್ದೆ.

ಹೊಸನಗರದಲ್ಲಿ ಚಾಕ್ಕೆ ನಿಲ್ಲಿಸಿದೆವು. ಅಪ್ಪಯ್ಯ ಇಳಿದಾಗ ರೆಪ್ಪೆ, ಮೀಸೆ ಎಲ್ಲ ಇಟ್ಟಿಗೆ ಬಣ್ಣ. ಕೈಬೆರಳು ತಕ್ಷಣ ಬಿಡಿಸಲಿಕ್ಕೆ ಬರಲಿಲ್ಲ, ಅಷ್ಟು ಬಿಗಿಯಾಗಿ ಹಿಡಿದಿದ್ದ. ಹೋಟೆಲಿನವನು ಅವನನ್ನು ಗಾಡಿ ಹೊಡೆಯುವ ಕಾಲದಿಂದ ಬಲ್ಲವನು. "ಏನು ಮಾರಾಯಾ, ಮುಂದೆ ಕೂತು ಹೊಡೀತಿದ್ದವ ಹಿಂದೆ ಮೂಟೆ ಆಗಿಬಿಟ್ಯಲ್ಲ," ಅಂದ. ನನಗೆ ಮಾತ್ರ "ಬನ್ನಿ ಮೇಷ್ಟ್ರೇ" ಅಂತ ಬೆಂಚು ಒರೆಸಿದ.

ಚಾ ಕುಡಿಯುತ್ತ ಅಪ್ಪಯ್ಯ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, "ಬಾಲ ಆಡ್ತದೆ ಮಗಾ," ಅಂದ. ಅಷ್ಟೇ. ಮುಂದಕ್ಕೆ ಬರ್ತೀನಿ ಅನ್ನಲಿಲ್ಲ. ಹೇಳಬೇಕಾದವನು ನಾನು. ಹಗ್ಗ ಬಿಚ್ಚಿ ಮೋಟಾರ್ ಸೈಕಲ್ಲನ್ನು ಮೊದಲಿದ್ದ ಜಾಗಕ್ಕೆ ತಳ್ಳಲು ಹತ್ತು ನಿಮಿಷ ಸಾಕಿತ್ತು. ಆದರೆ ಹೋಟೆಲಿನ ಜಗಲಿಯಲ್ಲಿ ಏಳೆಂಟು ಜನ ಕೂತು ನೋಡುತ್ತಿದ್ದರು. ಅವರೆದುರು ಬಿಚ್ಚಿ ಮತ್ತೆ ಕಟ್ಟಿದರೆ ಗಾಡಿ ಹೊಡೆಯುವವನು ಹೇಳಿದ್ದು ಸರಿ, ಬಿ.ಎಸ್ಸಿ. ಮಾಡಿದವನು ಹೇಳಿದ್ದು ತಪ್ಪು ಅಂತಾಗುತ್ತಿತ್ತು. ನಿಧಾನವಾಗಿ ಹೋಗೋಣ ಅಂದೆ. ಅಪ್ಪಯ್ಯ ಲೋಟ ತೊಳೆದಿಟ್ಟು ಹೋಗಿ ಅದೇ ಜಾಗದಲ್ಲಿ ಕೂತ.

ಮೂರು ನಾಲ್ಕು ಮೈಲಿ ದಾಟಿದ ಮೇಲೆ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ಎರಡೂ ಕಡೆ ಕಾಡು, ಕೆಳಗೆ ಮೋರಿ. ಮೋರಿಗೆ ಕಟ್ಟೆ ಇರಲಿಲ್ಲ. ಇಳಿಜಾರಿನ ನಡುವೆ ಜಗ್ಗಾಟ ಶುರುವಾಯಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಒಂದೊಂದು ಸಲವೂ ಹಿಂದಿನದಕ್ಕಿಂತ ಹೆಚ್ಚು. ಡ್ರಾಯಿಂಗ್ ಮೇಷ್ಟ್ರು ಬ್ರೇಕು ಒತ್ತಿದರು. ಅದರಿಂದ ಇನ್ನೂ ಜೋರಾಯಿತು. ಕಾರು ಅವರ ಮಾತು ಕೇಳುತ್ತಿರಲಿಲ್ಲ, ಟ್ರೈಲರು ಎತ್ತ ಬಾಲ ಬೀಸಿತೋ ಅತ್ತ ನಮ್ಮ ಹಿಂಭಾಗವೂ ಹೋಗುತ್ತಿತ್ತು. ಅವರು ಹಲ್ಲು ಕಚ್ಚಿ ಸ್ಟೇರಿಂಗು ತಿರುಗಿಸುತ್ತಿದ್ದರು.

ನಾನು ಗಾಜಿನಲ್ಲಿ ನೋಡಿದೆ. ಧೂಳಿನಿಂದ ಮೊದಲು ಒಂದು ಕೈ ಬಂತು. ಆಮೇಲೆ ಟವಲ್ಲು. ಅಪ್ಪಯ್ಯ ಮೋಟಾರ್ ಸೈಕಲ್ಲಿನ ಮೇಲೆ ಹೊಟ್ಟೆ ಹಾಕಿ ತೆವಳಿಕೊಂಡು ಮುಂದಕ್ಕೆ ಬರುತ್ತಿದ್ದ. ಟ್ರೈಲರು ಬಲಕ್ಕೆ ಬೀಸಿದಾಗ ಅವನ ಎರಡು ಕಾಲೂ ಹೊರಗೆ ಗಾಳಿಯಲ್ಲಿ ತೂಗಿದವು. ಎಡಕ್ಕೆ ಬಂದಾಗ ಒಳಗೆ ಬಿದ್ದ. ಹ್ಯಾಂಡಲ್ಲು ಹಿಡಿದ. ಅಲ್ಲಿಂದ ಇಳಿದು, ಕಾರಿಗೂ ಟ್ರೈಲರಿಗೂ ನಡುವೆ ಇದ್ದ ಕಬ್ಬಿಣದ ಮೂಕಿಯ ಮೇಲೆ, ಎತ್ತಿನ ಗಾಡಿಯಲ್ಲಿ ಕೂರುವಂತೆಯೇ ಕೂತ. ಗಾಜಿನ ತುಂಬ ಅವನ ಮುಖ ಕಂಡಿತು.

ಕಾರಿನ ಹಿಂಭಾಗ ಒತ್ತಿ ಕೂತಿತು. ಬಾಲದ ಆಟ ಕಮ್ಮಿಯಾಯಿತು, ಚಕ್ರ ನೆಲ ಹಿಡಿಯಿತು. ಡ್ರಾಯಿಂಗ್ ಮೇಷ್ಟ್ರು ಮೋರಿಗೆ ಎರಡು ಮಾರು ಇರುವಾಗ ಕಾರನ್ನು ಪಕ್ಕದ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದರು. ನಿಲ್ಲುವಾಗ ಟ್ರೈಲರು ಒಮ್ಮೆ ಅಡ್ಡ ತಿರುಗಿ ಬಂಪರಿಗೆ ಬಡಿಯಿತು. ಅಪ್ಪಯ್ಯನ ಬಲಗಾಲು ಆ ಎರಡರ ನಡುವೆ ಇತ್ತು.

ಟ್ರೈಲರನ್ನು ಕಳಚಿ ಅಲ್ಲೇ ಬಿಟ್ಟು, ಅವನನ್ನು ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡು ಹೊಸನಗರಕ್ಕೆ ವಾಪಸು ಬಂದೆವು. ಅಪ್ಪಯ್ಯ ಕಾರಿನ ಸೀಟಿನ ಮೇಲೆ ಕೂತದ್ದು ಅದೇ ಮೊದಲು. ಮೇಷ್ಟ್ರ ಸೀಟಿಗೆ ರಕ್ತ ಆಗುತ್ತದೆ ಅಂತ ಟವಲ್ಲು ಬಿಚ್ಚಿ ಕಾಲಿನ ಕೆಳಗೆ ಹಾಕಿಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಮೂರು ಬೆರಳು ಉಳಿಯುವುದಿಲ್ಲ ಅಂದರು. ಆಮೇಲೆ ಕಾಲು ಕಟ್ಟುತ್ತ, ಅಲ್ಲಿ ಯಾಕೆ ಹೋಗಿ ಕೂತಿದ್ದೆ ಅಂತ ಗದರಿಸಿದರು. ಅಪ್ಪಯ್ಯ ಗೋಡೆ ನೋಡುತ್ತ ಹೇಳಿದ:

"ಮಗ ಬ್ಯಾಡ ಅಂದಿದ್ದ ಸ್ವಾಮಿ. ಕಾರಲ್ಲಿ ಜಾಗ ಇತ್ತು. ನಾನೇ ಹಟ ಮಾಡಿ ಹಿಂದೆ ಹತ್ತಿದ್ದು. ಗಾಡಿ ಹೊಡೆದ ಜಂಬ."

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ವಿಜ್ಞಾನದ ಮೇಷ್ಟ್ರು ಅಂತ ಅವರಿಗೆ ಆಗಲೇ ಹೇಳಿಯಾಗಿತ್ತು. ಓದಿದವರು ನೀವು, ನೀವಾದರೂ ಇಂಥವರಿಗೆ ಸ್ವಲ್ಪ ಬಿಗಿಯಾಗಿ ಹೇಳಬೇಕಲ್ಲವೇ ಅಂದರು. ಬಾಗಿಲಲ್ಲಿ ನಿಂತಿದ್ದ ಡ್ರಾಯಿಂಗ್ ಮೇಷ್ಟ್ರು ನನ್ನ ಬಾಯಿಂದ ಏನು ಬರುತ್ತದೆ ಅಂತ ಕಾಯುತ್ತಿದ್ದರು.

"ಹೇಳಿದೆ ಸಾರ್," ಅಂದೆ. "ಕೇಳಲಿಲ್ಲ."

ಅಪ್ಪಯ್ಯ ಹೌದು ಹೌದು ಅಂತ ತಲೆ ಆಡಿಸಿದ.