ಕೇಬಲ್ ಬಸವಂತನ ತಾಯಿ

ಬಾಗಲಕೋಟೆಯ ಕಣ್ಣಿನ ಡಾಕ್ಟರು ಹೇಳಿದ್ದನ್ನು ಬಸವಂತ ಎರಡು ಸಲ ಕೇಳಿ ಖಚಿತಪಡಿಸಿಕೊಂಡ. ತಾಯಿ ಲಗಮವ್ವನ ಎಡಗಣ್ಣು ಹೋಗಿಬಿಟ್ಟಿತ್ತು. ಪೊರೆ ಬಂದು ಹೋದದ್ದಾಗಿದ್ದರೆ ತೆಗೆಯಬಹುದಿತ್ತು. ಇದು ಯಾವುದೋ ಔಷಧಿ ಬಿಟ್ಟು ಬಿಟ್ಟು ಸುಟ್ಟ ಕಣ್ಣು. ಬಲಗಣ್ಣಿಗೂ ಅದನ್ನೇ ಬಿಡುತ್ತಿದ್ದಾರೆ, ಇವತ್ತೇ ನಿಲ್ಲಿಸದಿದ್ದರೆ ಅದೂ ಉಳಿಯುವುದಿಲ್ಲ ಎಂದರು ಡಾಕ್ಟರು.

ಲಗಮವ್ವ ಸೊಂಟದ ಚೀಲದಿಂದ ಪುಟ್ಟ ಗಾಜಿನ ಸೀಸೆ ತೆಗೆದಾಗ ಬಸವಂತ ಅದನ್ನು ನೋಡಿದೊಡನೆ ಗುರುತಿಸಿದ. ಶಸ್ತ್ರಕ್ರಿಯೆ ಇಲ್ಲದೆ ಪೊರೆ ಕರಗಿಸುವ ಹನಿ ಎಂದು ಊರ ಕೇಬಲ್ ಟಿವಿಯಲ್ಲಿ ಅದರ ಜಾಹೀರಾತು ಓದಿದವನು ಬೇರೆ ಯಾರೂ ಅಲ್ಲ, ಅವನೇ.

ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದರೂ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವ ತಾಳ್ಮೆ ಬಸವಂತನಿಗೆ ಇರಲಿಲ್ಲ. ತೊಂಬತ್ತೇಳರಲ್ಲಿ ಮಾಳಿಗೆಯ ಮೇಲೆ ಡಿಶ್ ಕೂರಿಸಿ ಓಣಿ ಓಣಿಗೆ ಕೇಬಲ್ ಎಳೆದ. ಎರಡು ಸಾವಿರದ ಮೂರರ ಹೊತ್ತಿಗೆ ಸಂಜೆ ಊರ ಸುದ್ದಿಯನ್ನೂ ಓದತೊಡಗಿದ್ದ. ಸ್ಟುಡಿಯೋ ಎಂದರೆ ಮನೆಯ ಒಳಕೋಣೆ, ಮೈಮೇಲೆ ಕೋಟು, ಮೇಜಿನ ಕೆಳಗೆ ಲುಂಗಿ. ಪಡಸಾಲೆಯಲ್ಲಿ ಟಿವಿ ನೋಡುತ್ತ ಕೂತ ಲಗಮವ್ವನಿಗೆ ಮಗನ ದನಿ ಗೋಡೆಯಿಂದಲೂ ಬರುತ್ತಿತ್ತು, ಟಿವಿಯಿಂದಲೂ ಬರುತ್ತಿತ್ತು.

ಹುನಗುಂದದ ಲಾಡ್ಜಿನಲ್ಲಿ ಬೀಡುಬಿಟ್ಟಿದ್ದ ವೈದ್ಯನೊಬ್ಬ ಆ ಹನಿಯ ವಿವರವನ್ನು ಇಂಟರ್‌ನೆಟ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಜಾಹೀರಾತಿಗೆಂದು ಬಸವಂತನಿಗೆ ತಂದುಕೊಟ್ಟಿದ್ದ. ಹಾಳೆಯ ತುದಿಯಲ್ಲಿ ಬಿಳಿ ಕೋಟಿನ ಪರದೇಶಿ ಡಾಕ್ಟರನ ಫೋಟೊ ಬೇರೆ. ಇಂಟರ್‌ನೆಟ್ಟಿನಲ್ಲಿ ಬಂದಿದೆ ಎಂದಮೇಲೆ ಮುಗಿದೇ ಹೋಯಿತು, ಬಸವಂತ ಮಹಾರಾಯ ಯಾರನ್ನೂ ವಿಚಾರಿಸಲಿಲ್ಲ. ಕಣ್ಣು ಉರಿದರೆ ಪೊರೆ ಕರಗುತ್ತಿದೆ ಎಂದೇ ತಿಳಿಯಿರಿ ಎಂಬ ಸಾಲನ್ನಂತೂ ನಾಟಕದ ದನಿಯಲ್ಲಿ ಓದಿದ್ದ.

ಹಾಗೆಂದು ಲಗಮವ್ವ ಯಾರ ಮಾತಿಗೂ ಸುಮ್ಮನೆ ತಲೆಯಾಡಿಸುವ ಹೆಂಗಸಲ್ಲ. ನೂಲಿನ ವ್ಯಾಪಾರಿ ಪಕ್ಕಾ ಬಣ್ಣವೆಂದು ಆಣೆ ಮಾಡಿದರೂ, ಹೆಬ್ಬೆರಳಿಗೆ ಉಗುಳು ಹಚ್ಚಿ ಎಳೆ ತಿಕ್ಕಿ ನೋಡದೆ ಅವಳು ಮಗ್ಗಕ್ಕೆ ಏರಿಸಿದವಳಲ್ಲ. ಸೀರೆಯ ಸೆರಗಿನ ಎಳೆಗೆ ಒಡಲಿನ ಎಳೆ ಕೊಂಡಿ ಹಾಕಿ ಜೋಡಿಸಿದರೆ ಪ್ರತಿಯೊಂದನ್ನೂ ಎಳೆದು ಪರೀಕ್ಷಿಸುತ್ತಿದ್ದಳು. ಪೊರೆ ತೆಗೆಸಿಕೋ ಎಂದು ಮಗ ವರ್ಷದಿಂದ ಗೋಗರೆದರೂ, ನಿನಗೇನು ತಿಳಿಯುತ್ತದೆ ಎಂದು ಬಾಯಿ ಮುಚ್ಚಿಸಿದ್ದಳು. ಅಂಥವಳು ಹನಿಯ ಸೀಸೆಯನ್ನು ನೆರೆಮನೆಯ ಲಾಡಬಿಯ ಕೈಯಲ್ಲಿ ಗುಟ್ಟಾಗಿ ತರಿಸಿಕೊಂಡಿದ್ದಳು.

ಊರಿಗೆ ಮರಳುವ ಬಸ್ಸಿನಲ್ಲಿ ಬಸವಂತ ಅವಳ ಕೈ ಹಿಡಿದುಕೊಂಡ.

"ಯವ್ವಾ, ಅದನ್ನ ಒಗದುಬಿಡಬೇ. ಓದಿದಾವ ನಾನ. ಖರೆನೋ ಸುಳ್ಳೋ ನನಗೂ ಗೊತ್ತಿರಲಿಲ್ಲ."

"ನೀ ಮನ್ಯಾಗ ಹತ್ತು ಮಾತಾಡ್ತಿ," ಎಂದಳು ಲಗಮವ್ವ. "ಟಿವ್ಯಾಗ ಬಂದದ್ದು ಸುಳ್ಳಿರತೈತೇನು? ಸುಳ್ಳಿದ್ರ ಅಷ್ಟು ಮಂದಿ ಮುಂದ ಓದತಿದ್ದೇನು ನೀ?"

ಕೊಯ್ಯುವುದೇ ಡಾಕ್ಟರರ ಕಸುಬು, ಅವರು ಹೇಳುವುದೇ ಹಾಗೆ ಎಂದು ಆಕೆ ಸೀಸೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಿತ್ತುಕೊಂಡರೆ ಲಾಡಬಿ ನಾಳೆ ಇನ್ನೊಂದು ತಂದುಕೊಡುತ್ತಾಳೆ ಎಂದು ಬಸವಂತನಿಗೆ ಗೊತ್ತಿತ್ತು.

ಅಂದು ಸಂಜೆ ಅವನು ಕೋಟು ತೊಟ್ಟು ಕ್ಯಾಮೆರಾದ ಮುಂದೆ ಕೂತ. ಬೇರೆ ಯಾವ ಸುದ್ದಿಯನ್ನೂ ಓದಲಿಲ್ಲ. ಕಣ್ಣಿನ ಹನಿಯ ಜಾಹೀರಾತು ಸುಳ್ಳು, ಅದರಿಂದ ಕಣ್ಣು ಹೋಗುತ್ತದೆ, ಮನೆಯಲ್ಲಿ ಸೀಸೆ ಇದ್ದವರು ಈಗಲೇ ಚೆಲ್ಲಿಬಿಡಿ ಎಂದ.

ಪಡಸಾಲೆಗೆ ಬರುವಷ್ಟರಲ್ಲಿ ಲಗಮವ್ವ ಸೀಸೆಯನ್ನು ಲಾಡಬಿಯ ಕೈಗಿಟ್ಟು, ಗಟಾರಕ್ಕೆ ಒಗೆದು ಬಾ ಎನ್ನುತ್ತಿದ್ದಳು. ಒಂದು ಕಣ್ಣಾದರೂ ಉಳಿಯಿತಲ್ಲ ಎಂದು ಬಸವಂತನಿಗೆ ಹೋದ ಜೀವ ಬಂದಂತಾಯಿತು.

"ಬಸ್ಸಿನ್ಯಾಗ ನಾನೂ ಇದನ್ನ ಹೇಳಿದ್ನಲ್ಲಬೇ," ಎಂದ.

"ನೀ ಹೇಳಿದ್ದಿ ಖರೆ," ಎಂದಳು ಆಕೆ. "ಈಗ ಟಿವ್ಯಾಗಿನವರು ಹೇಳಿದ್ರು."

ಹೊರಗೆ ಗಟಾರದ ಕಲ್ಲಿಗೆ ಬಡಿದು ಸೀಸೆ ಒಡೆಯಿತು. ಎದುರು ಮನೆಯಿಂದ ಇನ್ನೊಂದು ಒಡೆದ ಸದ್ದಾಯಿತು, ಆಮೇಲೆ ಓಣಿಯ ಕೊನೆಯಲ್ಲಿ ಮತ್ತೊಂದು. ಬಸವಂತ ಬಾಗಿಲಿಗೆ ಬಂದು ನೋಡಿದರೆ, ಓಣಿಯ ಉದ್ದಕ್ಕೂ ಮುದುಕರು ಮುದುಕಿಯರು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಸೀಸೆ.