ಪರದೆಯ ಆಚೆ ಪಾರ್ವತಮ್ಮ

ಸೂರತ್ತಿನ ಕತಾರ್‌ಗಾಮ್‌ನಲ್ಲಿ, ವಜ್ರ ಉಜ್ಜುವವರ ಓಣಿಯೊಳಗೆ, ಒಂದು ಧರ್ಮಾರ್ಥ ಆಸ್ಪತ್ರೆ. ಇರುವುದು ಒಂದೇ ಕೋಣೆ, ನಡುವೆ ಒಂದು ಪರದೆ. ಹಾಸನದ ಕಾಮಾಕ್ಷಿ ಹನ್ನೊಂದು ವರ್ಷದಿಂದ ಅಲ್ಲಿ ನರ್ಸ್. ಬಸುರಿಯರ ಬೆರಳು ಚುಚ್ಚಿ ರಕ್ತ ನೋಡುವುದು, ಬಂದ ಫಲಿತಾಂಶವನ್ನು ಅವರವರ ಕಿವಿಗಷ್ಟೇ ಹೇಳುವುದು ಅವಳ ಕೆಲಸ.

"ನಮ್ಮಲ್ಲಿಗೇ ಬನ್ನಿ, ನಾನಿದ್ದೀನಲ್ಲ" ಎಂದು ಕನ್ನಡದವರ ಶುಕ್ರವಾರದ ಭಜನೆಯಲ್ಲಿ ಎಲ್ಲರನ್ನೂ ಕರೆದವಳು ಅವಳೇ. ಆ ಮಾತು ನಂಬಿ ಪಾರ್ವತಮ್ಮ ಆರು ತಿಂಗಳ ಬಸುರಿ ಸೊಸೆ ಮನಸ್ವಿನಿಯನ್ನು ಕರೆತಂದರು. ಪರದೆಯ ಆಚೆ ಸ್ಟೂಲಿನ ಮೇಲೆ ಕೂತು, "ಬೇಗ ನೋಡೇ ಕಾಮಾಕ್ಷಿ, ಮನೇಲಿ ಹಿಟ್ಟು ಹುಳಿ ಬರತ್ತೆ" ಎಂದರು.

ರಕ್ತ ಪರೀಕ್ಷೆಯ ಪಟ್ಟಿಯ ಮೇಲೆ ಗೆರೆ ಮೂಡಿತು. ಸಿಫಿಲಿಸ್.

ಡಾಕ್ಟರು ನೋಡಿ, ವಾರಕ್ಕೊಂದರಂತೆ ಮೂರು ಸೂಜಿ, ಇವತ್ತೇ ಶುರು, ಗಂಡ ಚೇತನ್‌ಗೂ ಆಗಬೇಕು ಎಂದು ಬರೆದು ಹೋದರು. ಹುಡುಗಿಗೆ ಹೇಳದೆ ವಿಧಿಯಿಲ್ಲ. ಪಿಸುಗುಟ್ಟಿದರೂ ಪಾರ್ವತಮ್ಮನ ಕಿವಿ ಮೂರು ಮೊಳದಾಚೆ. ಪರವೂರಿನ ಹೆಂಗಸಾಗಿದ್ದರೆ "ಸ್ವಲ್ಪ ಹೊರಗಿರಿ" ಎನ್ನಬಹುದಿತ್ತು. ನಮ್ಮವರಿಗೆ ಹಾಗೆಂದರೆ ಅಲ್ಲಿಗೇ ಅನುಮಾನ.

ಕಾಮಾಕ್ಷಿ ಒಂದು ಚೀಟಿ ತೆಗೆದು ಗುಜರಾತಿಯಲ್ಲಿ ಬರೆದಳು. ವಡೋದರಾದಲ್ಲಿ ಹುಟ್ಟಿ ಬೆಳೆದ ಮನಸ್ವಿನಿಗೆ ಕನ್ನಡ ಓದಲು ಬಾರದು; ಪಾರ್ವತಮ್ಮನಿಗೆ ಗುಜರಾತಿ ಮಾತು ತಿಳಿದರೂ ಅಕ್ಷರ ಬಾರದು.

ಮನಸ್ವಿನಿ ಓದಿದಳು, ಮತ್ತೊಮ್ಮೆ ಓದಿದಳು. ಪೆನ್ನು ಇಸಿದುಕೊಂಡು ಕೆಳಗೆ ಬರೆದಳು: "ಮಗುವಿಗೆ?"

ಕಾಮಾಕ್ಷಿ ಉತ್ತರ ಬರೆದಳು: "ಮೂರೂ ಸೂಜಿ ತಪ್ಪದೆ ಹಾಕಿಸಿಕೊಂಡರೆ ಉಳಿಸಿಕೊಳ್ಳಬಹುದು. ಅಲ್ಲಿಯವರೆಗೆ ಗಂಡನಿಂದ ದೂರವಿರು. ಅವರನ್ನೂ ಕರೆದುಕೊಂಡು ಬಾ."

"ಏನೇ ಅದು, ಅಷ್ಟುದ್ದ ಬರೀತಿದೀಯ?" ಪಾರ್ವತಮ್ಮ ಪರದೆ ಸರಿಸಿದರು.

"ಪಥ್ಯ, ಪಾರ್ವತಮ್ಮ."

"ಓದಮ್ಮ, ನಾನೂ ಕೇಳ್ತೀನಿ."

ಮನಸ್ವಿನಿ ಚೀಟಿಯ ಮೇಲೆ ಕಣ್ಣಿಟ್ಟು ಓದಿದಳು: "ಖರ್ಜೂರ... ಸೊಪ್ಪು... ಮೆಂತ್ಯದ ಲಡ್ಡು..."

"ಇಷ್ಟಕ್ಕೆ ನರ್ಸ್ ಬೇಕಾ? ನಾನೇ ಹೇಳ್ತಿದ್ದೆ!" ಎಂದು ಪಾರ್ವತಮ್ಮ ನಕ್ಕರು. ಕಾಮಾಕ್ಷಿ "ಇದು ರಕ್ತ ಹೆಚ್ಚೋದಕ್ಕೆ" ಎಂದು ಸುಳ್ಳು ಹೇಳಿ ಸೂಜಿ ಹಾಕಿದಳು. ಮನಸ್ಸಿನಲ್ಲೇ ದೇವಿಯ ಕ್ಷಮೆ ಕೇಳಿದಳು.

ಎರಡನೆಯ ವಾರವೂ ಅತ್ತೆ ಸೊಸೆ ಇಬ್ಬರೇ ಬಂದರು. ಮನಸ್ವಿನಿ ಮನೆಯಲ್ಲೇ ಚೀಟಿ ಬರೆದು ತಂದಿದ್ದಳು: "ಚೇತನ್‌ಗೆ ಹೇಳಿದೆ. ನಿನಗೆ ಎಲ್ಲಿಂದ ಬಂತು ಅಂತ ಕೇಳಿದರು." ಕಾಮಾಕ್ಷಿ ಓದಿ, ಎರಡನೆಯ ಸೂಜಿ ಹಾಕಿದಳು.

ಮೂರನೆಯ ವಾರ ಪಾರ್ವತಮ್ಮ ಬಾಗಿಲಲ್ಲೇ ನಿಂತರು. "ಇನ್ನು ಸೂಜಿ ಸಾಕಂತೆ, ಚೇತನ್ ಬೇಡ ಅಂದ. ಹೇಳಿ ಹೋಗೋಣ ಅಂತ ಬಂದ್ವಿ."

ಕಾಮಾಕ್ಷಿ ನಿಜ ಹೇಳಿದರೆ ಹುಡುಗಿಯ ಗುಟ್ಟು ಹೋಯಿತು, ಸುಮ್ಮನಿದ್ದರೆ ಮಗು.

ಮನಸ್ವಿನಿ ಅತ್ತೆಯನ್ನು ದಾಟಿ ಒಳಗೆ ಬಂದು ಮಂಚದ ಮೇಲೆ ಮಗ್ಗುಲಾದಳು. ಪರದೆ ಎಳೆಯಲಿಲ್ಲ.

"ಅತ್ತೆ, ಇದು ರಕ್ತಕ್ಕೆ ಅಲ್ಲ. ನಿಮ್ಮ ಮಗನಿಂದ ನನಗೆ ಬಂದಿರೋ ಕಾಯಿಲೆಗೆ. ಅವರಿಗೂ ಸೂಜಿ ಬೇಕು." ತಡವರಿಸುವ ಕನ್ನಡ, ಆದರೂ ಹೇಳಬೇಕಾದ್ದು ಒಂದನ್ನೂ ಬಿಡಲಿಲ್ಲ.

ಪಾರ್ವತಮ್ಮ ಸೊಸೆಯ ಕಡೆ ನೋಡಲಿಲ್ಲ. "ಕಾಮಾಕ್ಷಿ, ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು, ಪಾರ್ವತಮ್ಮ."

"ನಮ್ಮವಳು ಅಂತ ಬಂದೆ. ಏಳೇ ಮನಸ್ವಿನಿ, ನಡಿ ಮನೆಗೆ."

"ಇದು ಆಗದೆ ಏಳಲ್ಲ" ಎಂದಳು ಮನಸ್ವಿನಿ, ಮಂಚದ ಸರಳು ಹಿಡಿದು. "ಹಾಕಿ, ಆಂಟಿ."

ಅದು ಮಂದವಾದ ಔಷಧ, ನಿಧಾನವಾಗಿ ತಳ್ಳಬೇಕು, ನೋವು ಬಹಳ. ಕಾಮಾಕ್ಷಿ ತಳ್ಳುತ್ತಾ ಹೋದಳು. ಔಷಧ ಮುಗಿಯುವವರೆಗೂ ಪಾರ್ವತಮ್ಮ ಬಾಗಿಲು ಬಿಟ್ಟು ಕದಲಲಿಲ್ಲ.