ದಾರದ ಎರಡನೇ ಗಂಟು

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಯಂತ್ರಗಳು ಆಗಲೇ ಗುಡುಗುಡು ಶುರುಮಾಡಿವೆ. ಪಕ್ಕದ ಕೋಣೆಯಲ್ಲಿ, ಒಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಒಬ್ಬ ಹೆಂಗಸು ಹಸಿರು ಬಟ್ಟೆಯೊಂದನ್ನು ಹರಡಿ, ಅಂಗೈಯಿಂದ ಸವರುತ್ತಾ ನೋಡುತ್ತಿದ್ದಾರೆ. ಆಪರೇಷನ್ ಹೊತ್ತಿನಲ್ಲಿ ರೋಗಿಯ ಮೇಲೆ ಹೊದಿಸುವ ಬಟ್ಟೆ ಅದು. ಒಂದು ಕಡೆ ಸಾಸಿವೆ ಕಾಳಿನಷ್ಟು ಬೆಳಕು ತೂರಿ ಮೇಲೆ ಬರುತ್ತದೆ. "ಸಿಕ್ಕಿಬಿದ್ಯಾ ಕಳ್ಳ," ಎನ್ನುತ್ತಾ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಇದಕ್ಕೆ ಸೂಜಿ ತಾಗಿಸುವಂತಿಲ್ಲ, ಸೂಜಿಯ ತೂತೂ ತೂತೇ. ಸಣ್ಣ ತೇಪೆಯನ್ನು ಬಿಸಿ ಮಾಡಿ ಒತ್ತಿ ಅಂಟಿಸಬೇಕು.

ಇಡೀ ಆಸ್ಪತ್ರೆಗೆ ಇವರು ಸೂಜಿಯಕ್ಕ. ಮೇಲಿನ ಮಹಡಿಗಳಲ್ಲಿ ಡಾಕ್ಟರುಗಳ ಹೆಸರು ಹಿತ್ತಾಳೆಯ ಫಲಕದಲ್ಲಿ ಹೊಳೆಯುತ್ತವೆ. ಸೂಜಿಯಕ್ಕನನ್ನು ನೋಡಿದ ರೋಗಿ ಒಬ್ಬರೂ ಇಲ್ಲ. ಎಲೆಮರೆಯ ಕಾಯಿ ಅನ್ನುತ್ತಾರಲ್ಲ, ಇವರದು ಎಲೆಯ ಬದಲು ನೆಲದ ಮರೆ. ದಿನಕ್ಕೆ ಇನ್ನೂರು ಮುನ್ನೂರು ಬಟ್ಟೆ ಈ ಮೇಜಿನ ಮೇಲೆ ಹಾದುಹೋಗುತ್ತವೆ: ಚಾದರ, ದಿಂಬಿನ ಚೀಲ, ರೋಗಿಗಳ ನಿಲುವಂಗಿ, ಮಂಚದ ಸುತ್ತಲಿನ ಪರದೆ. ಹರಿದದ್ದು ಹೊಲಿಸಿಕೊಂಡು ಹೋಗುತ್ತದೆ, ತೀರಾ ಸವೆದದ್ದು ಒರೆಸುವ ಬಟ್ಟೆಯಾಗುತ್ತದೆ.

"ತೇಪೆ ಹಾಕಿದ್ದು ಗೊತ್ತಾಗಬಾರ್ದು," ಎನ್ನುತ್ತಾರೆ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತಾ. "ಕಾಯಿಲೆ ಬಂದು ಮಲಗಿರೋರು, ಹರಿದಿದ್ದು ಹಾಕ್ಕೊಂಡಿದೀನಿ ಅಂತ ಅಂದ್ಕೊಂಡ್ರೆ ಇರೋ ಅರ್ಧ ಧೈರ್ಯನೂ ಹೋಗುತ್ತೆ."

ಈ ಕೆಲಸಕ್ಕೆ ಬಂದದ್ದು ಗಂಡನ ಕೆಲಸ ಹೋದ ವರ್ಷ. ಆಗ ಮಗಳು ಕೈಗೂಸು. ಅತ್ತೆ ಒಂದು ಬೆಳಗ್ಗೆ ಮಾತಿಲ್ಲದೆ ಹೊರಗೆ ಹೋಗಿ, ಸಂಜೆ ಆಟೋದಲ್ಲಿ ಹೊಲಿಗೆ ಯಂತ್ರ ತಂದು ಇಳಿಸಿದರು. "ಕೂತ್ಕೋ, ಮಗು ನಾನು ನೋಡ್ಕೊತೀನಿ," ಎಂದಷ್ಟೇ ಹೇಳಿದರಂತೆ. ಮೊದಲು ಆಸ್ಪತ್ರೆಗೆ ಮನೆಯಿಂದಲೇ ದಿಂಬಿನ ಚೀಲ ಹೊಲಿದುಕೊಟ್ಟರು, ಆಮೇಲೆ ಆಸ್ಪತ್ರೆಯೇ ಒಳಗೆ ಕರೆಯಿತು. ಬೆನ್ನು ಹಿಡಿದುಕೊಂಡದ್ದಿದೆ, ಯಂತ್ರದ ಸೂಜಿ ತೋರುಬೆರಳಿನ ಉಗುರನ್ನು ತೂರಿದ್ದೂ ಇದೆ. ಒಂದು ದಿನವೂ ಬೇಡ ಅನ್ನಿಸಿಲ್ಲ. "ಅತ್ತೆ ಆ ಮೆಷಿನ್ ತರದೇ ಹೋಗಿದ್ರೆ ನಾನೆಲ್ಲಿರ್ತಿದ್ನೋ," ಎನ್ನುತ್ತಾ ಇನ್ನೊಂದು ಬಟ್ಟೆ ಎಳೆದುಕೊಳ್ಳುತ್ತಾರೆ.

ಆದರೆ ಇತ್ತೀಚೆಗೆ ಸೂಜಿಯಕ್ಕನ ಬಾಯಲ್ಲಿ ಬಟ್ಟೆಗಿಂತ ಟಿವಿಯ ಮಾತೇ ಹೆಚ್ಚು. ಅವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ಟಿವಿಯ ಕಥೆ ಕೇಳಲೇಬೇಕು.

ಮನೆಯ ಹಳೆಯ ಟಿವಿ ಒಂದೇಟಿಗೆ ಕೆಡಲಿಲ್ಲ. ಪರದೆಯ ಕೆಳಗಿನ ಪಟ್ಟಿ ಮೊದಲು ಮಬ್ಬಾಯಿತು, ಆಮೇಲೆ ಪೂರ್ತಿ ಕಪ್ಪಾಯಿತು. ರಿಪೇರಿಯವನು ಹಿಂಬದಿ ಬಿಚ್ಚಿ ನೋಡಿ, ಇದನ್ನು ಸರಿಮಾಡುವ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಹೊಸದೇ ಬರುತ್ತದೆ ಎಂದು ಕೈಚೆಲ್ಲಿದ. ಈಗ ಸ್ಕೂಲ್ ವ್ಯಾನ್ ಓಡಿಸುವ ಗಂಡನಿಗೆ ಅವಸರವೇನೂ ಇರಲಿಲ್ಲ. "ತಲೆ ಕಾಣ್ಸುತ್ತಲ್ಲ, ಕಾಲು ಕಾಣ್ದಿದ್ರೆ ಏನೀಗ?" ಎಂದರು. ಮಗಳಿಗೆ ಫೋನಿದೆ. ಅತ್ತೆ ಮಾತ್ರ ಹಾಲ್‌ಗೆ ಬರುವುದನ್ನೇ ನಿಲ್ಲಿಸಿದರು. ಊಟ ಮುಗಿದರೆ ಸೀದಾ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು.

ಯಾಕೆಂದು ಗೊತ್ತಿದ್ದದ್ದು ಸೊಸೆಗೆ ಮಾತ್ರ. ಅತ್ತೆಗೆ ಕಿವಿ ಮಂದವಾಗಿ ವರ್ಷಗಳಾಗಿವೆ, ಆದರೆ ಮನೆಯಲ್ಲಿ ಆ ಮಾತು ಎತ್ತುವಂತಿಲ್ಲ. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತು, ಜನ ಊರಿನ ಹೆಸರು ಅರ್ಧ ಹೇಳುವಷ್ಟರಲ್ಲಿ ಟಿಕೆಟ್ ಹರಿದು ಕೊಟ್ಟವರು ಅವರು. ಅಂಥವರ ಬಾಯಿಂದ 'ಕೇಳಿಸಲಿಲ್ಲ' ಎಂಬ ಮಾತನ್ನು ಮನೆಯವರು ಯಾರೂ ಕೇಳಿಲ್ಲ. ಕೇಳಿಸದಿದ್ದರೆ ಸುಮ್ಮನೆ ತಲೆಯಾಡಿಸುತ್ತಾರೆ.

"ಎಲ್ರೂ ನಕ್ಕ ಮೇಲೆ ಅತ್ತೆ ನಗ್ತಿದ್ರು," ಎಂದು ಸೂಜಿಯಕ್ಕ ನೆನೆಯುತ್ತಾರೆ. "ಆದ್ರೆ ವಾರ್ತೆ ಓದೋಳು ಬಾಯಿ ಬಿಡೋ ಮೊದ್ಲೇ, ಎಲ್ಲೋ ಸೇತುವೆ ಕುಸೀತಂತೆ ಅಂತಿದ್ರು. ಇದೇನಪ್ಪಾ ಅಂತ ಅವರ ಕಣ್ಣು ನೋಡ್ದೆ. ಕೆಳಗಡೆ ಓಡುತ್ತಲ್ಲ ಅಕ್ಷರ, ಅದ್ರ ಮೇಲಿತ್ತು. ಆ ಪಟ್ಟಿ ಕಪ್ಪಾಗಿದ್ದೇ ತಡ, ಅವರಿಗೆ ಟಿವಿ ಅನ್ನೋದು ಮೂಕ ಆಗೋಯ್ತು."

ಹೊಸ ಟಿವಿ ತರಲೇಬೇಕೆಂದು ಸೂಜಿಯಕ್ಕ ಸೆರಗು ಕಟ್ಟಿ ನಿಂತದ್ದು ಆಗ. ಅತ್ತೆ ಮತ್ತೆ ಹಾಲ್‌ಗೆ ಬರಬೇಕು, ತಮ್ಮ ಜಾಗದಲ್ಲಿ ಕೂತು ಆ ಸಾಲನ್ನು ಓದಬೇಕು. ಮಿಕ್ಕಿದ್ದೆಲ್ಲ ಆಮೇಲೆ. ಕಷ್ಟವೆಂದರೆ ಅತ್ತೆಯ ಕುರ್ಚಿ ಇರುವುದು ಹಾಲ್‌ನ ಕೊನೆಯಲ್ಲಿ, ಬಾಗಿಲ ಪಕ್ಕ. ಯಾರು ಬಂದರು, ಯಾರು ಹೋದರು, ಯಾರು ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟರು, ಎಲ್ಲದರ ಉಸ್ತುವಾರಿ ಅಲ್ಲಿಂದಲೇ. ಒಮ್ಮೆ ಸೊಸೆ "ಸ್ವಲ್ಪ ಮುಂದೆ ಕೂತ್ಕೊಳ್ಳಿ ಅತ್ತೆ" ಎಂದದ್ದಕ್ಕೆ "ನನಗೇನು ಕಣ್ಣು ಹೋಗಿದ್ಯಾ?" ಎಂಬ ಉತ್ತರ ಬಂದಿತ್ತು. ಆಮೇಲೆ ವಾರವಿಡೀ ಮುಖ ಊದಿಕೊಂಡೇ ಇತ್ತು.

ಅಳತೆ ಇಲ್ಲದೆ ಕತ್ತರಿ ಹಾಕುವ ಪೈಕಿ ಅಲ್ಲ ಸೂಜಿಯಕ್ಕ. ಹಾಸಿಗೆ ಹೊಲಿಯುವ ದಪ್ಪ ದಾರವನ್ನು ಟಿವಿಯ ಗೋಡೆಯಿಂದ ಅತ್ತೆಯ ಕುರ್ಚಿಯವರೆಗೆ ಎಳೆದು ಅಲ್ಲೊಂದು ಗಂಟು ಹಾಕಿದರು. ಅವರ ಕೈಗೆ ಎಟುಕುತ್ತಿದ್ದದ್ದು ನಲವತ್ಮೂರು ಇಂಚಿನ ಟಿವಿ. ಬಟ್ಟೆ ಕಟ್ಟುವ ಕಂದು ಕಾಗದವನ್ನು ನಲವತ್ಮೂರು ಇಂಚು ಅಗಲಕ್ಕೆ ಕತ್ತರಿಸಿ ಗೋಡೆಗೆ ಅಂಟಿಸಿದರು. ಗಂಡ ಹಿಂದೆ ಸರಿದು ನೋಡಿ, ಮೀಸೆ ಸವರಿ, ಭೇಷ್ ಎಂದರು.

ರಜೆಯ ದಿನ ಕಾಗದ, ದಾರ, ಟೇಪು ಮೂರನ್ನೂ ಕೈಚೀಲಕ್ಕೆ ತುಂಬಿಕೊಂಡು ಅಂಗಡಿಗೆ ಹೋದರೆ, ನಲವತ್ಮೂರು ಇಂಚಿನ ಟಿವಿ ಕಾಗದಕ್ಕಿಂತ ಚಿಕ್ಕದು. ಟೇಪು ಹಿಡಿದರು. "ಐದೂವರೆ ಇಂಚು ನುಂಗಿದ್ದೀರಲ್ಲಪ್ಪ," ಎಂದು ಮಾರಾಟದ ಹುಡುಗಿಯ ಬದಲು ಒಳಗಿದ್ದ ಯಜಮಾನರನ್ನೇ ಕರೆದರು. ಅವರು ಶಾಂತವಾಗಿ ಟೇಪು ಇಸಿದುಕೊಂಡು ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಹಿಡಿದು ತೋರಿಸಿದರು. ಸರಿಯಾಗಿ ನಲವತ್ಮೂರು.

"ಟಿವೀನ ಓರೆಯಾಗೇ ಅಳೆಯೋದಮ್ಮ."

ಸೂಜಿಯಕ್ಕನಿಗೆ ನಗು ತಡೆಯಲಾಗಲಿಲ್ಲ. "ಬಟ್ಟೇನ ಓರೆಯಾಗಿ ಹಿಡಿದ್ರೆ ಎಳೆದಷ್ಟೂ ಬರುತ್ತೆ. ನಾವು ಹಂಗೆ ಅಳೆದ್ರೆ ಜನ ನಮ್ಮ ಕತ್ತರಿ ಕಿತ್ಕೊಂಡು ಓಡಿಸ್ತಾರೆ," ಎಂದು ಈಗಲೂ ನಗುತ್ತಾರೆ.

ಕಾಗದಕ್ಕೆ ಸರಿಹೊಂದುತ್ತಿದ್ದದ್ದು ಐವತ್ತು ಇಂಚಿನದು, ಅದು ಕೈಗೆ ಮೀರಿದ್ದು. ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದ ಅಂಥದ್ದೊಂದನ್ನು ಕಡಿಮೆಗೆ ಕೊಡುತ್ತೇವೆಂದರು ಯಜಮಾನರು. ಸೂಜಿಯಕ್ಕ ಪರದೆಯನ್ನು ಪೂರ್ತಿ ಕಪ್ಪು ಮಾಡಿಸಿ ನೋಡಿದರು. ಮೂಲೆಗಳಲ್ಲಿ ಬಿಳಿಚಿದ ಕಲೆ. ಹಗಲೆಲ್ಲ ಉರಿದು ಸವೆದ ಮಾಲು. ಒಗೆದು ಒಗೆದು ತೆಳ್ಳಗಾದ ಚಾದರವನ್ನು ಯಾರಾದರೂ ಹೊಸದರ ಜಾಗಕ್ಕೆ ತರುತ್ತಾರೆಯೇ? ಬೇಡವೆಂದರು.

ಉಳಿದದ್ದು ನಲವತ್ಮೂರೇ. ದಾರ ಹಿಡಿದು ಗಂಟಿನ ಹತ್ತಿರ ನಿಂತರು, ಅವರ ಕಣ್ಣಿಗೇನೋ ಅಕ್ಷರ ಕಂಡವು. ಕಾಣಬೇಕಾದದ್ದು ಅವರಿಗಲ್ಲವಲ್ಲ. ಬಾಗಿಲಲ್ಲಿ ಅತ್ತೆಯ ವಯಸ್ಸಿನ ಕಾವಲುಗಾರರೊಬ್ಬರು ನಿಂತಿದ್ದರು. "ತಾತ, ಒಂದ್ನಿಮಿಷ ಇಲ್ಲಿ ಕೂತು ಓದ್ತೀರಾ?" ತಾತ ಸ್ಟೂಲಿನಲ್ಲಿ ಆರಾಮವಾಗಿ ಕೂತರು. "ನಿಲ್ಸೋರೇ ಎಲ್ಲ. ಕೂರ್ಸೋ ಗಿರಾಕಿ ಇವತ್ತೇ ಸಿಕ್ಕಿದ್ದು," ಎಂದರು. ಆದರೆ ಗಂಟಿನ ಬಳಿಯಿಂದ ಅವರಿಗೆ ಓದಲಾಗಲಿಲ್ಲ. ಸ್ಟೂಲು ಸ್ವಲ್ಪ ಮುಂದೆ ಬಂತು, ಇನ್ನೂ ಸ್ವಲ್ಪ. "ತರಕಾರಿ ಬೆಲೆ ಇಳಿಕೆ," ಎಂದು ತಾತ ಗಟ್ಟಿಯಾಗಿ ಓದಿ, "ಎಲ್ಲಿ ಇಳ್ದಿದೆ? ಬರೀ ಸುಳ್ಳು," ಎಂದು ಟಿವಿಯನ್ನೇ ಬೈದರು. ಸೂಜಿಯಕ್ಕ ಅಲ್ಲಿ ದಾರಕ್ಕೆ ಎರಡನೇ ಗಂಟು ಹಾಕಿದರು.

ಅದೇ ಗಂಟಿನಿಂದ ತಾತ ಒಂದಾದ ಮೇಲೊಂದು ಟಿವಿ ಓದಿದರು. ಎಲ್ಲಕ್ಕಿಂತ ಅಗ್ಗದ್ದರಲ್ಲಿ ಓಡುವ ಅಕ್ಷರ ಕದಡಿ ಅದಕ್ಕೆ ಬಾಲ ಬೆಳೆಯುತ್ತಿತ್ತು. ದುಬಾರಿಯದರಲ್ಲಿ ಮಾತಾಡಿದರೆ ಕೇಳುವ ರಿಮೋಟು ಮುಂತಾದ ಸೊಗಸುಗಳಿದ್ದವು, ಅಕ್ಷರ ಮಾತ್ರ ಮಧ್ಯದ ಬೆಲೆಯದ್ದರಷ್ಟೇ ಸ್ಪಷ್ಟ. ತಾತ ಎಲ್ಲೂ ತಡವರಿಸದೆ ಓದಿದ ಆ ಮಧ್ಯದ್ದನ್ನೇ ಸೂಜಿಯಕ್ಕ ಕಟ್ಟಿಸಿಕೊಂಡು ಬಂದರು.

ಗೋಡೆಗೆ ಏರಿದ ಟಿವಿ ನೋಡಿ ಗಂಡನ ಮುಖ ಬಾಡಿತು. "ದಾರೀಲಿ ಒಗೆದ್ಯೇನೇ? ಕುಗ್ಗಿಬಿಟ್ಟಿದೆ." ಸೂಜಿಯಕ್ಕ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ದಾರ ಎಳೆದು, ಎರಡನೇ ಗಂಟು ಮುಟ್ಟುವ ಕಡೆ ನೆಲದ ಮೇಲೆ ಸೀಮೆಸುಣ್ಣದ ಸಣ್ಣ ಗುರುತು ಮಾಡಿದರು. ಬಾಗಿಲ ಪಕ್ಕದ ಕುರ್ಚಿಯನ್ನು ಅಲ್ಲಿಗೆ ತರುವುದೇ ಈಗ ಉಳಿದಿದ್ದ ಕೆಲಸ.

ಹೊಸ ಟಿವಿ ಎಂಬ ಕುತೂಹಲಕ್ಕೆ ಅತ್ತೆ ಅಂದು ಸಂಜೆ ಹೊರಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಸೂಜಿಯಕ್ಕ ದಿಂಬಿನ ಚೀಲಗಳ ರಾಶಿ ತಂದು, ಸ್ಟೂಲು ಹಾಕಿಕೊಂಡು ಅವರ ನೇರ ಮುಂದೆಯೇ ಹೊಲಿಯಲು ಕೂತರು. ಸ್ವಲ್ಪ ಹೊತ್ತಾಯಿತು.

"ನಿನ್ನ ತಲೆ ಅಡ್ಡ ಬರ್ತಿದೆ," ಎಂದರು ಅತ್ತೆ.

ಸೂಜಿಯಕ್ಕ ತಿರುಗಿ, ತುಟಿ ಕಾಣುವಂತೆ ಹೇಳಿದರು: "ಇಲ್ಲೇ ಬೆಳಕು ಚೆನ್ನಾಗಿದೆ ಅತ್ತೆ. ನೀವೇ ಸ್ವಲ್ಪ ಮುಂದೆ ಬನ್ನಿ."

ಅತ್ತೆ ಗೊಣಗಿದರು. ಆಮೇಲೆ ಕುರ್ಚಿಯನ್ನು ಕರಕರ ಎಳೆದುಕೊಂಡು ಬಂದು ಸೀಮೆಸುಣ್ಣದ ಗುರುತಿನ ಮೇಲೆಯೇ ಕೂತರು. ಕುರ್ಚಿ ಅಲ್ಲಿಂದ ಹಿಂದಕ್ಕೆ ಹೋಗಿಲ್ಲ. ಈಗ ದಿನಾ ಸಂಜೆ ಜಗತ್ತಿನ ಸುದ್ದಿ ಮನೆಗೆ ಮೊದಲು ತಿಳಿಯುವುದು ಅತ್ತೆಯ ಬಾಯಿಂದ.

ನಾನು ಬರೆಯುವ ಇದೆಲ್ಲ ಪತ್ರಿಕೆಯಲ್ಲಿ ಬಂದರೆ ಅತ್ತೆ ಓದುವುದಿಲ್ಲವೇ? ಸೂಜಿಯಕ್ಕನಿಗೂ ಅದೇ ಅಳುಕು. "ಹಾಕಿದ ತೇಪೆ ನಾನೇ ಬಿಚ್ಚಿ ತೋರ್ಸಿದ ಹಾಗಾಗುತ್ತೆ. ಅವರನ್ನೇ ಕೇಳ್ಬಿಡಿ," ಎಂದು ಸಂಜೆ ನನ್ನನ್ನು ಮನೆಗೆ ಕರೆದೊಯ್ಯುತ್ತಾರೆ. ಅತ್ತೆಯ ಎದುರಿಗೆ ಕೂತು, ಕಾಗದದಿಂದ ಕಾವಲು ತಾತನವರೆಗೆ ಎಲ್ಲವನ್ನೂ ನಾನು ನಿಧಾನವಾಗಿ ಹೇಳಿದ್ದಾಯಿತು.

"ಬರೀರಿ," ಎನ್ನುತ್ತಾರೆ ಅತ್ತೆ. "ಅವತ್ತು ಅವಳ ತಲೆ ನಂಗೆ ಅಡ್ಡ ಇರ್ಲೇ ಇಲ್ಲ. ಅದನ್ನೂ ಬರೀರಿ."

ಸೂಜಿಯಕ್ಕನ ಕೈಯಲ್ಲಿ ಸೂಜಿ ಅರ್ಧಕ್ಕೇ ನಿಲ್ಲುತ್ತದೆ. ಕಣ್ಣು ಒರೆಸಿಕೊಂಡು, ಸಿಕ್ಕ ಸಮಯ ಬಿಡುವವರಲ್ಲ, ಕೇಳಿಯೇ ಬಿಡುತ್ತಾರೆ: "ಹಂಗಾದ್ರೆ ಕಿವಿ ಡಾಕ್ಟ್ರ ಹತ್ರ ಯಾವತ್ತು ಹೋಗೋಣ ಅತ್ತೆ?"

ಅತ್ತೆ ಟಿವಿಯ ಕಡೆ ಮುಖ ತಿರುಗಿಸುತ್ತಾರೆ.

"ಏನಂದೆ? ಕೇಳಿಸ್ಲಿಲ್ಲ."

ಸೂಜಿಯಕ್ಕ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಅದೇ ಪ್ರಶ್ನೆಯನ್ನು ಮತ್ತೊಮ್ಮೆ ನಿಧಾನವಾಗಿ ಕೇಳುತ್ತಾರೆ.